ಸಮರಕ್ಕೆ ಮೊದಲಿನ ಮಾತು

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಭಾಗವನ್ನು ಪೂರ್ವಿಕರು ಎಡೆದೊರೆನಾಡೆಂದು ಕರೆದರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ನಾಡಿನ ಊರುಗಳು. ಮುದಗಲ್ಲಿನ ಕೋಟೆಯೂ ಲಿಂಗಸುಗೂರಿನ ಸೀಮೆಯದೇ. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದವರೂ ತಲೆಮಾರುಗಳವರೆಗೆ ಕಾದಿದರು. ಆ ಕಾಳಗಗಳ ಶೌರ್ಯವನ್ನು ವರ್ಣಿಸುವವರಿಗೆ ಕೊರತೆಯಿಲ್ಲ. ಆದರೆ ಕಾಳಗಕ್ಕೆ ಮೊದಲು ‘ಇದು ಬೇಡ’ ಎಂದವರ ಮಾತು ಸಾಮಾನ್ಯವಾಗಿ ಉಳಿಯುವುದಿಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಯಾವ ಅಶೋಕನ ಹೆಸರು ಬೆಳಕಿಗೆ ಬಂದಿತೋ, ಆತನು ಕಳಿಂಗವನ್ನು ಗೆದ್ದ ಮೇಲೆ ಪರಿತಪಿಸಿದನೆಂಬುದು ಅನ್ಯತ್ರ ಶಿಲೆಗಳಲ್ಲಿದೆ. ಗೆಲ್ಲುವುದಕ್ಕೆ ಮುನ್ನ ಅವನನ್ನು ತಡೆದವರಿದ್ದರೇ ಎಂಬುದನ್ನು ಆ ಶಿಲೆಗಳು ಹೇಳವು.

1520ರ ರಾಯಚೂರು ಯುದ್ಧದ ವಿಷಯದಲ್ಲಿ ಮಾತ್ರ ಆ ಮಾತು ದೈವವಶಾತ್ ಉಳಿದಿದೆ. ಅದನ್ನು ಬರೆದಿಟ್ಟವನು ಪೋರ್ಚುಗೀಸನಾದ ಫೆರ್ನಾವ್ ನೂನಿಜ್. ಯುದ್ಧವಾಗಿ ಸುಮಾರು ಹದಿನೈದು ವರ್ಷಗಳಾದ ಮೇಲೆ ವಿಜಯನಗರದಲ್ಲಿದ್ದವನು, ಕುದುರೆಯ ವ್ಯಾಪಾರಿ. ಯುದ್ಧದ ನಿಮಿತ್ತವೂ ಕುದುರೆಯ ವ್ಯಾಪಾರವೇ ಆದುದರಿಂದ ಅವನ ಲೇಖನಿಗೆ ಇಲ್ಲಿ ವಿಶೇಷ ಉತ್ಸಾಹ ಬಂದಂತಿದೆ. ಕೃಷ್ಣದೇವರಾಯನು ಗೋವೆಯಿಂದ ಕುದುರೆಗಳನ್ನು ತರುವುದಕ್ಕಾಗಿ ಸಯ್ಯದನೊಬ್ಬನ ಕೈಯಲ್ಲಿ 40,000 ಪರ್ದಾವುಗಳನ್ನು ಕೊಟ್ಟು ಕಳುಹಿಸಿದನಂತೆ. ಅವನು ಹಣದೊಡನೆ ಆದಿಲಶಾಹಿಯ ಸೀಮೆಗೆ ಓಡಿಹೋದನು. ರಾಯನು ಅವನನ್ನು ಒಪ್ಪಿಸೆಂದು ಬರೆದನು. ಇಸ್ಮಾಯಿಲ್ ಆದಿಲಶಹನು ತನ್ನ ಪಂಡಿತರನ್ನು ಕೇಳಿ, ಒಪ್ಪಿಸದೆ ಹೋದನು.

ರಾಯನು ಸಭೆಯನ್ನು ಕರೆದು ಯುದ್ಧವೆಂದನು. ಸಭಾಸದರು ಒಪ್ಪಲಿಲ್ಲ. ಇಷ್ಟು ಅಲ್ಪ ಹಣಕ್ಕಾಗಿ ಯುದ್ಧವನ್ನು ಹೂಡಬಾರದು, ಲೋಕವು ಏನೆಂದೀತೆಂಬುದನ್ನು ಪ್ರಭುವು ಯೋಚಿಸಬೇಕು, ಎಂದು ಅವರ ವಾದ. ಇವರು ಲೇಖನಿಯನ್ನು ಮಾತ್ರ ಬಲ್ಲ ಕರಣಿಕರಾಗಿರಲಿಲ್ಲ. ಆ ರಾಜ್ಯದಲ್ಲಿ ನೆಲವನ್ನು ಅನುಭವಿಸುವ ನಾಯಕನು ದಂಡನ್ನೂ ಸಾಕಬೇಕಾಗಿದ್ದಿತು. ಮಂತ್ರಾಲೋಚನೆಗೂ ದಂಡನಾಯಕತ್ವಕ್ಕೂ ನಡುವೆ ಗೆರೆ ತೆಳುವಾಗಿದ್ದಿತು. ಯುದ್ಧವೆಂದರೆ ಕ್ಷಯ, ವ್ಯಯ, ಪ್ರವಾಸಗಳೆಂದೂ, ಲಾಭವು ಸಮನಾದಲ್ಲಿ ಸಂಧಿಯೇ ಮೇಲೆಂದೂ ಕೌಟಿಲ್ಯನು ಹೇಳಿದುದನ್ನು ಅವರು ಓದಿರಲಿ ಬಿಡಲಿ, ಅದರ ಭಾರವನ್ನು ಬಲ್ಲವರು.

ರಾಯನು ಅಲುಗಲಿಲ್ಲ. ಆಗ ಅವರೇ ಮತ್ತೊಂದು ಮಾತನ್ನಾಡಿದರು: ಹಾಗಾದರೆ ಆ ಮಾರ್ಗವಾಗಿ ಹೋಗುವುದು ಬೇಡ, ರಾಯಚೂರಿನ ಮೇಲೆ ನಡೆಯಬೇಕು, ಅದು ಹಿಂದೆ ನಮ್ಮ ರಾಜ್ಯದ್ದು, ಅದನ್ನು ಉಳಿಸಿಕೊಳ್ಳಲು ಆದಿಲಶಹನು ತಾನೇ ಬರಲೇಬೇಕಾಗುವುದು.

ವಿಚಾರ ಮಾಡತಕ್ಕದ್ದು ಈ ಎರಡನೆಯ ಮಾತನ್ನು. ಬೇಡವೆಂದವರ ಬುದ್ಧಿಯೇ ಯುದ್ಧಕ್ಕೆ ದಾರಿಯನ್ನು ತೋರಿಸಿತು, ನೆವವನ್ನೂ ಒದಗಿಸಿತು. ಓಡಿಹೋದ ವರ್ತಕನ ಜಗಳವು ಎಡೆದೊರೆನಾಡಿನ ಜಗಳವಾಯಿತು. ವರ್ತಕನ ಅಪರಾಧದಲ್ಲಿ ಇಲ್ಲಿಯ ಒಕ್ಕಲಿಗನ ಪಾಲು ಯಾವುದು? ಭಾರತದಲ್ಲಿ ಭೀಷ್ಮನು ಮಾಡಿದುದೂ ಇದನ್ನೇ. ಸಂಧಿಯಾಗಲೆಂದು ಸಭೆಯಲ್ಲಿ ಹೇಳಿದ ನಾಲಿಗೆಯವನೇ ಮೊದಲ ಹತ್ತು ದಿನ ಸೇನಾಪತಿಯಾದನು. ಬಲರಾಮನೊಬ್ಬನು ಎರಡು ಪಕ್ಷಗಳನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟನು. ಆತನಿಗೆ ಹಾಗೆ ಹೊರಡಲು ಅನುಕೂಲವಿದ್ದಿತು, ಉಪ್ಪಿನ ಋಣವಿರಲಿಲ್ಲ.

ಋಣವಿದ್ದೂ ಹೊರಬಂದವನ ನಿದರ್ಶನವು ಬೇಕಾದರೆ ದೂರದ ಜರ್ಮನಿಯತ್ತ ನೋಡಬೇಕು. 1938ರಲ್ಲಿ ಹಿಟ್ಲರನು ಚೆಕೊಸ್ಲೊವಾಕಿಯದ ಮೇಲೆ ಬೀಳಲು ನಿಶ್ಚಯಿಸಿದಾಗ ಭೂಸೇನೆಯ ಮಂತ್ರಾಲೋಚನಾ ಮಂಡಲಿಗೆ ಮುಖ್ಯನಾಗಿದ್ದ ಲುಡ್ವಿಗ್ ಬೆಕ್ ಎಂಬ ಸೇನಾನಿಯು, ಇದರಿಂದ ಇಂಗ್ಲೆಂಡು ಫ್ರಾನ್ಸುಗಳೂ ಎದ್ದು ದೇಶವು ಹಾಳಾಗುವುದೆಂದು ಲೇಖನದ ಮೇಲೆ ಲೇಖನವನ್ನು ಬರೆದನು. ಅವನ ಆಕ್ಷೇಪವೂ ಮೊದಲು ಧರ್ಮದ್ದಲ್ಲ, ಬಲಾಬಲದ್ದು, ನಮ್ಮ ಸಭಾಸದರದಂತೆಯೇ. ಆದರೆ ಅವನು ಒಂದು ಹೆಜ್ಜೆ ಮುಂದೆ ಹೋಗಿ, ಹಿರಿಯ ಸೇನಾನಿಗಳೆಲ್ಲರೂ ಒಟ್ಟಿಗೆ ಅಧಿಕಾರವನ್ನು ಬಿಡಬೇಕೆಂದನು. ಆಗಸ್ಟಿನಲ್ಲಿ ಅವರು ಕೂಡಿದಾಗ ಅಪಾಯವನ್ನು ಬಹುಮಂದಿ ಒಪ್ಪಿದರು, ಅಧಿಕಾರವನ್ನು ಯಾರೂ ಬಿಡಲಿಲ್ಲ. ಬೆಕ್ ಒಬ್ಬನೇ ಬಿಟ್ಟನು. ಅವನ ಪೀಠದಲ್ಲಿ ಕುಳಿತ ಹಾಲ್ಡರನೂ ಒಳಗೊಳಗೆ ಯುದ್ಧಕ್ಕೆ ವಿರೋಧಿಯೇ. ಆದರೂ 1939ರಲ್ಲಿ ಪೋಲೆಂಡಿನ ಮೇಲಿನ ದಂಡಯಾತ್ರೆಯ ಏರ್ಪಾಡು ಅವನ ಕೈಯಲ್ಲಿಯೇ ನಡೆಯಿತು.

ಕೃಷ್ಣೆಯ ಆಚೆಯ ದಡದಲ್ಲಿಯೂ ಬೇರೆಯಾಗಲಿಲ್ಲ. ಫೆರಿಸ್ತನು ಯುದ್ಧದ ಕಾರಣವನ್ನು ಬೇರೆ ರೀತಿಯಾಗಿ ಹೇಳುತ್ತಾನೆ. ಆದರೆ ಇಸ್ಮಾಯಿಲನು ಮದ್ಯದ ಅಮಲಿನಲ್ಲಿ ನದಿಯನ್ನು ದಾಟಲು ಹೊರಟಾಗ ಸರದಾರರು ಇದು ಅವಿವೇಕವೆಂದು ಬಿನ್ನವಿಸಿದರೆಂದು ಅವನ ಲೇಖ. ದೊರೆಯು ಉತ್ತರ ಕೊಡದೆ ಆನೆಯನ್ನು ಹೊಳೆಗಿಳಿಸಿದನು. ಬಿನ್ನವಿಸಿದವರೂ ಹಿಂದೆಯೇ ಇಳಿದರು.

ಮೇ ತಿಂಗಳ ಆ ಕಾಳಗದಲ್ಲಿ ವಿಜಯನಗರದ ಪಕ್ಷದಲ್ಲಿಯೇ ಹದಿನಾರು ಸಾವಿರಕ್ಕೆ ಮೇಲ್ಪಟ್ಟು ಮಡಿದರೆಂದು ನೂನಿಜನ ಲೆಕ್ಕ. ಗೆಲುವು ರಾಯನದಾಯಿತು. ಸೋತವರು ಹೊಳೆಗೆ ಬಿದ್ದು ಸಾಯುತ್ತಿರುವುದನ್ನು ಕಂಡು, ತಪ್ಪಿಲ್ಲದವರು ಬಹಳ ಮಂದಿ ಸತ್ತರೆಂದು ಹೇಳಿ, ಅವನು ಬೆನ್ನಟ್ಟುವವರನ್ನು ಹಿಂದಕ್ಕೆ ಕರೆಸಿದನು. ಈಗ ವಿರೋಧಿಸುವ ಸರದಿ ಮತ್ತೆ ನಾಯಕರದು: ಶತ್ರುವನ್ನು ಹೀಗೆ ಬಿಡಬಾರದು, ಬೆನ್ನಟ್ಟಿ ಮುಗಿಸಬೇಕೆಂದರು. ರಾಯನು ಆ ಮಾತಿಗೂ ಕಿವಿಗೊಡದೆ ದಂಡನ್ನು ರಾಯಚೂರಿನ ಕಡೆಗೆ ತಿರುಗಿಸಿದನು.