ಎದುರು ಬರುವವನ ದೀಪ

ವಾಹನಕ್ಕೆ ದೀಪವಿರುವುದು ಏತಕ್ಕೆಂದು ಯಾರನ್ನು ಕೇಳಿದರೂ ದಾರಿ ಕಾಣುವುದಕ್ಕೆ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸರಿಯಾದುದೇ, ಆದರೆ ಪೂರ್ಣವಾದುದಲ್ಲ. ಅದರ ಉಳಿದ ಅರ್ಧವನ್ನು ಕಣಕಟ್ಟೆಯ ವೃದ್ಧರೊಬ್ಬರು ಕಡಲಾಚೆಯಲ್ಲಿರುವ ತಮ್ಮ ಮಗನಿಗೆ ಒಂದು ಮುಂಜಾನೆ ದೂರವಾಣಿಯಲ್ಲಿ ತಿಳಿಸಿಕೊಟ್ಟರು.

ಕಣಕಟ್ಟೆ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ತೆಂಗು ಮತ್ತು ರಾಗಿ ಆ ಸೀಮೆಯ ಜೀವನಾಧಾರ. ವೃದ್ಧರು ಯೌವನದಲ್ಲಿ ಅರಸೀಕೆರೆಗೆ ಹೋಗಿ ಲಾರಿಗಳ ವೈರಿಂಗ್ ಕೆಲಸ ಕಲಿತು, ಮುಂದೆ ಅಲ್ಲಿಯೇ ಒಂದು ಸಣ್ಣ ಅಂಗಡಿ ಇಟ್ಟುಕೊಂಡರು. ಅರಸೀಕೆರೆ ರೈಲು ಜಂಕ್ಷನ್ನಿನ ಊರು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯೂ ಅಲ್ಲಿ ಹಾಯ್ದುಹೋಗುತ್ತದೆ. ತೆಂಗಿನಕಾಯಿ, ಕೊಬ್ಬರಿ ಹೇರಿದ ಲಾರಿಗಳಿಗೆ ಅಲ್ಲಿ ಎಂದೂ ಕೊರತೆಯಿರಲಿಲ್ಲ. ಡೈನಮೋ, ಸೆಲ್ಫ್ ಮೋಟಾರು, ಹಾರನ್ನು, ದೀಪ, ಇವೇ ಅವರ ವಿದ್ಯೆ. ಅವರ ಮುಖ್ಯ ಉಪಕರಣವೆಂದರೆ ಎರಡು ತಂತಿಗಳನ್ನು ಬೆಸುಗೆ ಹಾಕಿದ 12 ವೋಲ್ಟಿನ ಒಂದು ಬಲ್ಬು. ಅಂಗಡಿ ಮುಚ್ಚಿ ಊರಿಗೆ ಹಿಂದಿರುಗಿದ ಮೇಲೂ ಆ ಟೆಸ್ಟ್ ಲ್ಯಾಂಪು ಪಡಸಾಲೆಯ ಮೊಳೆಯೊಂದರಲ್ಲಿ ತೂಗುತ್ತಿತ್ತು.

ಮಗ ಗಣಕಯಂತ್ರದ ವಿದ್ಯೆ ಕಲಿತು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿದವನು. ಬಾಲ್ಯದಲ್ಲಿ ಅಂಗಡಿಯ ಮುಂದೆ ನಿಂತು ವಾಹನಗಳನ್ನು ನೋಡುತ್ತಿದ್ದ ಹುಚ್ಚು ಅವನನ್ನು ಬಿಟ್ಟಿರಲಿಲ್ಲ. ಐವತ್ತರ ಹತ್ತಿರ ಬಂದಾಗ ಹಳೆಯದೊಂದು ಸ್ಪೋರ್ಟ್ಸ್ ಕಾರನ್ನು ಕೊಂಡ. 1990ರ ದಶಕದ ಆರಂಭದಲ್ಲಿ ತಯಾರಾದ, ಎರಡೇ ಆಸನಗಳ ಪುಟ್ಟ ಕಾರು ಅದು. ಹಗಲು ಹೊತ್ತಿನಲ್ಲಿ ಅದರ ಮುಂಭಾಗದಲ್ಲಿ ದೀಪಗಳೇ ಕಾಣುವುದಿಲ್ಲ. ಗುಂಡಿ ಒತ್ತಿದೊಡನೆ ಮೂತಿಯ ಮೇಲಿನ ಎರಡು ಮುಚ್ಚಳಗಳು ಮೇಲೆದ್ದು, ನಿದ್ರೆಯಿಂದ ಎಚ್ಚತ್ತ ಕಪ್ಪೆಯ ಕಣ್ಣುಗಳಂತೆ ದೀಪಗಳು ಹೊರಬರುತ್ತವೆ.

ಇಂತಹ ಅಡಗುದೀಪಗಳಿಗೆ ದೀರ್ಘವಾದ ಇತಿಹಾಸವುಂಟು. ಅಮೆರಿಕದ ಕಾರ್ಡ್ 810 ಎಂಬ 1936ರ ಕಾರಿನಲ್ಲಿ ಅವು ಮೊದಲು ಹೆಸರು ಮಾಡಿದವು. ಅದರಲ್ಲಿ ಮೋಟಾರಿರಲಿಲ್ಲ, ಚಾಲಕನ ಮುಂದಿನ ಫಲಕದ ಎರಡು ತುದಿಗಳಲ್ಲಿದ್ದ ಹಿಡಿಕೆಗಳನ್ನು ಕೈಯಿಂದಲೇ ತಿರುಗಿಸಿ ಒಂದೊಂದು ದೀಪವನ್ನೂ ಎತ್ತಬೇಕಾಗಿತ್ತು. 1962ರಲ್ಲಿ ಬಂದ ಇಂಗ್ಲೆಂಡಿನ ಲೋಟಸ್ ಎಲಾನ್ ಇದೇ ಕೆಲಸವನ್ನು ನಿರ್ವಾತದ ಬಲದಿಂದ ಮಾಡಿಸಿತು. ಗಾಳಿಯನ್ನು ಸೀಳಿಕೊಂಡು ಹೋಗಲು ಕಾರಿನ ಮೂತಿ ತಗ್ಗಾಗಿರಬೇಕು. ಆದರೆ ದೀಪ ನೆಲದಿಂದ ಗೊತ್ತಾದ ಎತ್ತರದಲ್ಲಿರಬೇಕೆಂಬುದು ಕಾನೂನು. ಹಗಲು ತಗ್ಗಿ, ಇರುಳು ಏಳುವ ದೀಪ ಈ ಎರಡು ಬೇಡಿಕೆಗಳ ನಡುವಣ ರಾಜಿ. ಕಾಲಾಂತರದಲ್ಲಿ ಬೇಕಾದ ಆಕಾರದ ಚಿಕ್ಕ ದೀಪಗಳು ಬಂದವು. ಪಾದಚಾರಿಗಳ ರಕ್ಷಣೆಯ ನಿಯಮಗಳು ಬಿಗಿಯಾದವು. 2004ರ ಹೊತ್ತಿಗೆ ದೊಡ್ಡ ಕಂಪನಿಗಳ ಹೊಸ ಕಾರುಗಳಿಂದ ಅಡಗುದೀಪಗಳು ಮರೆಯಾದವು.

ಮಗನ ಕಾರಿನಲ್ಲಿ ಒಂದೊಂದು ದೀಪಕ್ಕೂ ಒಂದೊಂದು ಮೋಟಾರಿದೆ. ಗುಂಡಿ ಒತ್ತಿದರೆ ವಿದ್ಯುತ್ತು ಫ್ಯೂಸು ಮತ್ತು ರಿಲೇಗಳನ್ನು ದಾಟಿ ಮೋಟಾರನ್ನು ಮುಟ್ಟುತ್ತದೆ. ಹಲ್ಲುಚಕ್ರ ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಒಂದು ಸಣ್ಣ ಕೈ ಅರ್ಧಸುತ್ತು ತಿರುಗಿ, ಸಲಾಕೆಯೊಂದರ ಮೂಲಕ ಮುಚ್ಚಳವನ್ನು ಎತ್ತುತ್ತದೆ; ಉಳಿದ ಅರ್ಧಸುತ್ತಿನಲ್ಲಿ ಇಳಿಸುತ್ತದೆ. ಬಲ್ಬಿಗೆ ಹೋಗುವ ತಂತಿಯ ದಾರಿ ಬೇರೆ. ಆದುದರಿಂದ ಮುಚ್ಚಳ ಏಳದಿದ್ದರೂ ದೀಪ ಒಳಗೆ ಉರಿಯಬಹುದು.

ಆದದ್ದೂ ಅದೇ. ಒಂದು ಬೇಸಗೆಯ ಸಂಜೆ ಬಲಗಡೆಯ ಮುಚ್ಚಳ ಎದ್ದಿತು, ಎಡಗಡೆಯದು ಏಳಲಿಲ್ಲ. ಅದರ ಸಂದಿಯಿಂದ ಬೆಳಕಿನ ಒಂದು ಗೆರೆ ಮಾತ್ರ ಹೊರಗೆ ಇಣುಕುತ್ತಿತ್ತು. ಮಗ ಮೀಟರು ಹಿಡಿದು ನೋಡಿದ. ಮೋಟಾರಿಗೆ 12 ವೋಲ್ಟು ಬರುತ್ತಿತ್ತು. ವಿದ್ಯುತ್ತು ಬಂದರೂ ತಿರುಗದಿದ್ದರೆ ಮೋಟಾರು ಕೆಟ್ಟಿರಲೇಬೇಕೆಂದು ತೀರ್ಮಾನಿಸಿ, ಹಳೆಯ ಕಾರಿನಿಂದ ಬಿಚ್ಚಿದ ಮೋಟಾರೊಂದಕ್ಕೆ ಬೇಡಿಕೆ ಕಳುಹಿಸಿದ. ಅದು ಬರಲು ಎರಡು ವಾರ ಬೇಕಾಗಿತ್ತು.

ಆ ರಾತ್ರಿ ಎಂಟೂವರೆಗೆ ಅವನು ಎಂದಿನಂತೆ ತಂದೆಗೆ ಫೋನು ಮಾಡಿದ. ಕಣಕಟ್ಟೆಯಲ್ಲಿ ಆಗ ಬೆಳಗಿನ ಆರು ಗಂಟೆ. ಕ್ಷೇಮಸಮಾಚಾರದ ನಡುವೆ ಕಾರಿನ ಮಾತೂ ಬಂದಿತು.

"ಯಾವ ಕಡೆಯದು ಮಗಾ, ಏಳದಿರೋದು?"

"ಎಡಗಡೆಯದು ಅಪ್ಪಾಜಿ."

"ಎಡಗಡೆಯದಾದರೆ ಅಷ್ಟು ಭಯವಿಲ್ಲ" ಎಂದವರು ಒಂದು ಗಳಿಗೆ ತಡೆದು, "ನಿಮ್ಮ ದೇಶದಲ್ಲಿ ಬಲಕ್ಕೆ ಓಡಿಸ್ತೀರಲ್ಲವೇ? ಹಾಗಾದರೆ ಎದುರಿನವನ ಮಗ್ಗುಲಿಗೆ ಬರೋದೇ ಎಡಗಡೆಯ ದೀಪ. ಈ ಕಾರನ್ನು ರಾತ್ರಿ ಯಾರು ಓಡಿಸ್ತಾರೆ?" ಎಂದು ಕೇಳಿದರು.

ಮಗಳು ಹೊಸದಾಗಿ ಲೈಸೆನ್ಸು ಪಡೆದಿದ್ದಾಳೆ, ರಜೆಯಲ್ಲಿ ಒಂದು ಅಂಗಡಿಯ ಕೆಲಸಕ್ಕೆ ಹೋಗಿಬರಲು ನಾಳೆಯಿಂದ ಅವಳೇ ಒಯ್ಯುತ್ತಾಳೆ, ಎರಡು ವಾರ ಒಂದು ದೀಪದಲ್ಲಿ ಹೇಗೋ ನಡೆಯುತ್ತದೆ ಎಂದ ಮಗ.

ವೃದ್ಧರು ಕೆಲಕಾಲ ಮಾತನಾಡಲಿಲ್ಲ. ಅನಂತರ, ಅಲ್ಲಿಯವರೆಗೆ ಮನೆಯವರಾರಿಗೂ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆ ದಿನಗಳಲ್ಲಿ ಲಾರಿ, ಬಸ್ಸುಗಳ ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ಪದ್ಧತಿಯಿತ್ತು. ಎದುರು ಬರುವವನ ಕಣ್ಣು ಕೋರೈಸಬಾರದೆಂಬುದೇ ಅದರ ಉದ್ದೇಶ. ಎಷ್ಟೋ ಲಾರಿಗಳಿಗೆ ಅವರೇ ಕುಂಚ ಹಿಡಿದು ಬಳಿದಿದ್ದರು. ಒಂದು ಸಂಜೆ ಅಂಗಡಿಯ ಬಾಗಿಲು ಹಾಕುತ್ತಿದ್ದಾಗ ಕಾಯಿ ತುಂಬಿದ ಲಾರಿಯೊಂದು ಬಂದು ನಿಂತಿತು. ಅದರ ಬಲಗಡೆಯ ದೀಪ ಉರಿಯುತ್ತಿರಲಿಲ್ಲ. ಕಣಕಟ್ಟೆಯ ಕಡೆಯ ಬಸ್ಸು ಹೊರಡುವ ಹೊತ್ತು. "ಬೆಳಿಗ್ಗೆ ಬಾರಪ್ಪ, ನೋಡೋಣ" ಎಂದು ಹೇಳಿ ಅವರು ಬಸ್ಸು ಹಿಡಿದರು. ಚಾಲಕ ಬೆಳಗಿನವರೆಗೆ ಕಾಯಲಿಲ್ಲ. ಬಾಣಾವರದ ಕಡೆಗೆ ಹೋಗುವ ದಾರಿಯಲ್ಲಿ ಎದುರಿನಿಂದ ಮೊಪೆಡ್ಡಿನ ಮೇಲೆ ಬರುತ್ತಿದ್ದವನು ಒಂಟಿ ದೀಪವನ್ನು ಕಂಡು, ಅಂಚಿನಲ್ಲಿ ಮೋಟಾರು ಸೈಕಲ್ಲು ಬರುತ್ತಿದೆಯೆಂದು ನಂಬಿ ರಸ್ತೆಯ ನಡುವಿಗೆ ಸರಿದ. ಅವನು ಉಳಿಯಲಿಲ್ಲ. ಕೆಲವು ದಿನಗಳ ಮೇಲೆ ಅದೇ ಲಾರಿ ದೀಪದ ರಿಪೇರಿಗೆಂದು ಅವರ ಅಂಗಡಿಗೇ ಬಂದಿತು. ಅರ್ತ್ ತಂತಿಯ ತಿರುಪು ಸಡಿಲವಾಗಿತ್ತು.

"ಹತ್ತು ನಿಮಿಷದ ಕೆಲಸ ಮಗಾ. ಬಸ್ಸು ತಪ್ಪಿದ್ದರೆ ಏನಾಗ್ತಿತ್ತು? ಅಂಗಡಿಯಲ್ಲೇ ಮಲಗಿರ್ತಿದ್ದೆ."

ದೂರವಾಣಿಯ ಎರಡು ತುದಿಗಳಲ್ಲಿಯೂ ಮೌನವಿತ್ತು. ಅದನ್ನು ಮುರಿದವರು ವೃದ್ಧರೇ. "ಮೊದಲು ದೀಪ ಮೇಲೇಳಲಿ, ರಿಪೇರಿ ಆಮೇಲೆ. ಮೋಟಾರು ಕೈಕೊಟ್ಟರೆ ಕೈಯಲ್ಲಿ ಎತ್ತೋದಕ್ಕೆ ಏನಾದರೂ ಇಟ್ಟೇ ಇರ್ತಾರೆ, ಹುಡುಕು. ಅದಕ್ಕೆ ಮೊದಲು ಫ್ಯೂಸು ತೆಗೆದಿಡು. ಕೈ ಒಳಗಿರುವಾಗ ಮೋಟಾರು ತಿರುಗಿತೆಂದರೆ ಬೆರಳು ಉಳಿಯೋದಿಲ್ಲ."

ಮಗ ಮೊಬೈಲಿನ ಕ್ಯಾಮೆರಾ ತೆರೆದು ತೋರಿಸಲು ಹೊರಟ. ಚಿತ್ರ ಬೇಡವೆಂದರು. ನೋಡುವವನು ನೀನು, ಕಂಡದ್ದನ್ನು ಬಾಯಲ್ಲಿ ಹೇಳು ಎಂಬುದು ಅವರ ಕಟ್ಟಳೆ. ಅಂಗಡಿಯಲ್ಲಿ ಹುಡುಗರಿಗೆ ಕೆಲಸ ಕಲಿಸಿದ್ದೂ ಹೀಗೆಯೇ. ಮೋಟಾರಿನ ತುದಿಯಲ್ಲಿ ರಬ್ಬರಿನ ಟೊಪ್ಪಿಗೆ ಸಿಕ್ಕಿತು. ಅದನ್ನು ಕಿತ್ತರೆ ಒಳಗೊಂದು ತಿರುಗುಗುಂಡಿ. ಹಲವು ಸುತ್ತು ತಿರುಗಿಸಿದ ಮೇಲೆ ಮುಚ್ಚಳ ನಿಧಾನವಾಗಿ ಎದ್ದು ನಿಂತಿತು.

"ತಿರುಗಿಸುವಾಗ ಬಿಗಿಯಿತ್ತೋ, ಹಗುರವೋ?"

"ಹಗುರ ಅಪ್ಪಾಜಿ."

"ಹಾಗಾದರೆ ಕೀಲು, ಹಲ್ಲು ಚೆನ್ನಾಗಿವೆ. ಇನ್ನು ಮೋಟಾರು ಸತ್ತಿದೆ ಅಂತ ನಿನಗೆ ಹೇಳಿದವರು ಯಾರು?"

ಮೀಟರು ಹೇಳಿತೆಂದ ಮಗ. ವೃದ್ಧರು ನಕ್ಕರು. ಮೀಟರಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ತಂತಿಯ ಕೂಡುವಿಕೆ ಕಿಲುಬು ಹಿಡಿದು ಎಳೆಯಷ್ಟು ಉಳಿದಿದ್ದರೂ ಅದು 12 ವೋಲ್ಟನ್ನು ತೋರಿಸುತ್ತದೆ. ಮೋಟಾರಿಗೆ ಅಷ್ಟು ಸಾಲದು. ಬಲ್ಬಾದರೆ ತಾನೂ ವಿದ್ಯುತ್ತನ್ನು ಕುಡಿಯುತ್ತದೆ; ದಾರಿ ಕಿರಿದಾಗಿದ್ದರೆ ಮಂಕಾಗಿ ಸತ್ಯವನ್ನು ಹೇಳುತ್ತದೆ. ಅವರ ಅಪ್ಪಣೆಯಂತೆ ಮಗ ಇಂಡಿಕೇಟರಿನ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿದ. ಫ್ಯೂಸನ್ನು ಮತ್ತೆ ಸೇರಿಸಿ, ಮೋಟಾರಿನ ಜೋಡಣೆಯನ್ನು ಬಿಚ್ಚಿ, ಗುಂಡಿ ಒತ್ತಿ, ವಿದ್ಯುತ್ತು ಬರುವ ತಂತಿಗೂ ಅರ್ತ್ ತಂತಿಗೂ ನಡುವೆ ಬಲ್ಬನ್ನು ಹಿಡಿದ. ಅದು ಕೆಂಪಗೆ ಮಿಣುಕಿತು. ಅರ್ತ್ ತಂತಿಯನ್ನು ಬಿಟ್ಟು ಇಂಜಿನ್ನಿನ ಬರಿ ಲೋಹಕ್ಕೆ ತಾಗಿಸಿದಾಗ ಬೆಳ್ಳಗೆ ಬೆಳಗಿತು.

"ಬರೋ ದಾರಿ ಸರಿಯಾಗಿದೆ, ಹೋಗೋ ದಾರಿ ಕಟ್ಟಿದೆ. ಆ ತಂತಿ ಹಿಡಿದುಕೊಂಡು ಹೋಗು."

ಮಿಷಿಗನ್ನಿನಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ವರ್ಷಗಳ ಕಾಲ ಸಿಡಿದು, ಅರ್ತ್ ತಂತಿಯನ್ನು ಕಾರಿನ ಒಡಲಿಗೆ ಬಿಗಿದಿದ್ದ ತಿರುಪಿನ ಸುತ್ತ ತುಕ್ಕು ಗಂಟುಕಟ್ಟಿತ್ತು. ಮಗ ಬ್ಯಾಟರಿಯ ತಂತಿಯನ್ನು ಕಳಚಿ, ತಿರುಪು ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದ. ಮತ್ತೆ ಬಿಗಿದು, ನೀರು ಇಳಿಯದಂತೆ ಮೇಲೆ ವ್ಯಾಸಲಿನ್ ಸವರಿದ. ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಾಗ ಎರಡು ಮುಚ್ಚಳಗಳೂ ಒಟ್ಟಿಗೆ ಇಳಿದವು. ಇನ್ನೊಮ್ಮೆ ಒತ್ತಿದಾಗ ಒಟ್ಟಿಗೆ ಎದ್ದವು. ಖರ್ಚಾದದ್ದು ಒಂದು ತುಂಡು ಎಮರಿ ಕಾಗದ. ತರಿಸಲು ಹೊರಟಿದ್ದ ಮೋಟಾರು ಬೇಡವಾಯಿತು. ಅದನ್ನು ಹಾಕಿದ್ದರೂ ದೀಪ ಏಳುತ್ತಿರಲಿಲ್ಲ.

ಮಗ ಅಂದು ಕಲಿತದ್ದು ಅರ್ತ್ ತಂತಿಯ ವಿಷಯವೊಂದೇ ಅಲ್ಲ. ಒಳಗೆ ಉರಿಯುತ್ತಿದ್ದ ದೀಪದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅದು ಎದ್ದು ನಿಂತು ಎದುರಿನವನ ಕಣ್ಣಿಗೆ ಕಾಣದಿದ್ದಾಗ ಇದ್ದೂ ಇಲ್ಲದಂತಾಗಿತ್ತು. ತನ್ನ ದಾರಿ ಕಾಣಲು ಬಲಗಡೆಯ ದೀಪವೊಂದೇ ಸಾಕಾಗುತ್ತಿತ್ತು. ಎಡಗಡೆಯ ದೀಪ ಮುಖ್ಯವಾಗಿ ಬೇಕಾಗಿದ್ದುದು ಎಂದೂ ಪರಿಚಯವಾಗದ ಒಬ್ಬನಿಗೆ, ತನ್ನ ಮನೆಗೆ ಹಿಂದಿರುಗುತ್ತ ಎದುರು ಬರುವವನಿಗೆ. ವೃದ್ಧರು ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ನೋವೂ ಅಂತಹ ಒಬ್ಬನದೇ.

ಮರುದಿನ ಕಣಕಟ್ಟೆಯಲ್ಲಿ ಬೆಳಗಿನ ಪೂಜೆ ಮುಗಿಯುವ ವೇಳೆಗೆ ಫೋನು ಬಂದಿತು. ಈ ಬಾರಿ ಮಾತನಾಡಿದವಳು ಮೊಮ್ಮಗಳು. "ತಾತ, ಮನೆಗೆ ಬಂದೆ. ಎರಡೂ ಎದ್ದಿದ್ದವು" ಎಂದಳು. ವೃದ್ಧರು "ಒಳ್ಳೆಯದು ಕಣಮ್ಮ" ಎಂದಷ್ಟೇ ಹೇಳಿದರು.

ಮುಂದಿನ ಚಳಿಗಾಲದಲ್ಲಿ ಮಗ ಊರಿಗೆ ಬಂದುಹೋದ. ಹೊರಡುವ ಹಿಂದಿನ ರಾತ್ರಿ ವೃದ್ಧರು ಪಡಸಾಲೆಯ ಮೊಳೆಯಿಂದ ಟೆಸ್ಟ್ ಲ್ಯಾಂಪನ್ನು ಇಳಿಸಿ, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಚಟ್ನಿಪುಡಿಯ ಪೊಟ್ಟಣದ ಪಕ್ಕದಲ್ಲಿ ಇಟ್ಟರು. ಅದು ಈಗ ಮಿಷಿಗನ್ನಿನ ಗ್ಯಾರೇಜಿನ ಗೋಡೆಯಲ್ಲಿ, ಕಾರಿನ ಎಡಗಡೆಯ ದೀಪಕ್ಕೆ ಸರಿಯಾಗಿ, ಒಂದು ಮೊಳೆಯಲ್ಲಿ ತೂಗುತ್ತಿದೆ.