ಒಂದು ಬೆಟ್ಟ, ಎರಡು ಹೊಳೆ, ಮೂರು ಬಾಡಿಗೆ ಸೈಕಲ್ಲು

ನಮ್ಮೂರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಜಿಲ್ಲೆ ತುಮಕೂರು. ಆದರೆ ಮಕ್ಕಳೇ, ಒಮ್ಮೆ ನಕಾಶೆ ತೆಗೆದು ನೋಡಿ. ಪಾವಗಡ ತನ್ನ ಜಿಲ್ಲೆಯ ಉಳಿದ ತಾಲ್ಲೂಕುಗಳಿಗೆ ಅಂಟಿಕೊಂಡೇ ಇಲ್ಲ. ಮೂರು ಕಡೆ ಆಂಧ್ರ, ಇನ್ನೊಂದು ಕಡೆ ಚಿತ್ರದುರ್ಗ ಜಿಲ್ಲೆ. ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ನಾವು ಆಂಧ್ರದ ನೆಲ ದಾಟಿ, ಮಧುಗಿರಿ ಹಾದು ಹೋಗಬೇಕು. 1978ರಲ್ಲಿ ಪಿಯುಸಿ ಓದಲೆಂದು ತಗಡಿನ ಟ್ರಂಕು ಹೊತ್ತು ಆ ಬಸ್ಸು ಹತ್ತಿದಾಗ ನನಗೆ 16 ವರ್ಷ. ನೂರು ಕಿಲೋಮೀಟರ್ ಆಚೆಗಿನ ತುಮಕೂರು ನನ್ನ ಪಾಲಿಗೆ ಪರದೇಶವೇ ಆಗಿತ್ತು.

ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಹಾಸ್ಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಪಕ್ಕದ ರೂಮಿನವರೂ ಬಂದು ನಿಲ್ಲುತ್ತಿದ್ದರು, ನಗುವುದಕ್ಕೆ. ಟ್ರಂಕು ಎತ್ತಿಕೊಂಡು ಊರಿಗೆ ಹೊರಟುಬಿಡೋಣ ಎಂದು ಪ್ರತಿ ಶನಿವಾರ ರಾತ್ರಿ ಅನಿಸುತ್ತಿತ್ತು. ಭಾನುವಾರ ಹತ್ತಿರದ ಊರಿನ ಹುಡುಗರೆಲ್ಲ ಮನೆಗೆ ಹೋಗುತ್ತಿದ್ದರು. ನನಗೆ ಹೋಗಿಬರುವಷ್ಟು ದುಡ್ಡಿಲ್ಲ. ಅಂದು ಬೆಳಗ್ಗೆ ಹತ್ತಕ್ಕೆ ಊಟ ಹಾಕಿದರೆ ಮತ್ತೆ ರಾತ್ರಿಯೇ.

ನನ್ನ ರೂಮಿನಲ್ಲಿ ಇನ್ನಿಬ್ಬರಿದ್ದರು. ಹಾಸ್ಟೆಲಿನಲ್ಲಿ ಹೆಸರು ಯಾರಿಗೆ ಬೇಕು? ಒಬ್ಬ ‘ಗುಬ್ಬಿ’, ಇನ್ನೊಬ್ಬ ‘ಕುಣಿಗಲ್ಲು’, ನಾನು ‘ಪಾವಗಡ’. ತಲೆ ನೆರೆತರೂ ಇವತ್ತಿಗೂ ಹಾಗೇ ಕರೆದುಕೊಳ್ಳುತ್ತೇವೆ. ಒಂದು ಶನಿವಾರ ರಾತ್ರಿ ದೀಪ ಆರಿಸಿದ ಮೇಲೆ ಗುಬ್ಬಿ ಹೇಳಿದ: “ಲೇ ಪಾವಗಡ, ನಾಳೆ ನಾವಿಬ್ಬರೂ ಊರಿಗೆ ಹೋಗಲ್ಲ. ಕೈದಾಳಕ್ಕೆ ಹೋಗಾನ ಬಾ. ನಡ್ಕೊಂಡು. ದುಡ್ಡು ಬೇಡ.”

ಗೂಳೂರಿನ ದಾರಿ ಹಿಡಿದು ಹೊರಟೆವು. ಗೂಳೂರಿನಲ್ಲಿ ಪ್ರತಿವರ್ಷ ಆಳೆತ್ತರವನ್ನೂ ಮೀರುವ ಮಣ್ಣಿನ ಗಣಪನನ್ನು ಮಾಡುತ್ತಾರೆ. ಎಲ್ಲ ಊರಿನ ಗಣಪನೂ ನೀರಿಗೆ ಹೋದ ಎಷ್ಟೋ ದಿನದ ಮೇಲೆ, ದೀಪಾವಳಿಯ ಹೊತ್ತಿಗೆ ಅವನ ಪೂಜೆ ಶುರು. ಅಲ್ಲಿಂದ ಮುಂದೆ ಕೈದಾಳ. ಚೆನ್ನಕೇಶವನ ಗುಡಿ. ಜಕಣಾಚಾರಿಯ ಕಥೆಯನ್ನು ನಿಮ್ಮ ಅಜ್ಜಿ ಹೇಳಿಯೇ ಇರುತ್ತಾರೆ: ಬೇಲೂರಿನಲ್ಲಿ ತಾನು ಕಡೆದ ವಿಗ್ರಹದ ಕಲ್ಲಿನೊಳಗೆ ಕಪ್ಪೆಯಿದೆ ಎಂದು ಹುಡುಗನೊಬ್ಬ ತೋರಿಸಿಕೊಟ್ಟದ್ದು, ಶಿಲ್ಪಿ ಕೈ ಕಡಿದುಕೊಂಡದ್ದು, ಆ ಹುಡುಗ ತನ್ನ ಮಗ ಡಂಕಣನೇ ಎಂದು ತಿಳಿದದ್ದು, ಇಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದು ಊರಿಗೆ ಕೈದಾಳವೆಂದು ಹೆಸರಾದದ್ದು. ಗುಡಿ ಹೊಯ್ಸಳರ ಕಾಲದ್ದು, 12ನೆಯ ಶತಮಾನದ್ದು. ಜಕಣಾಚಾರಿಯ ಹೆಸರಿರುವ ಶಾಸನ ಸಿಕ್ಕಿಲ್ಲ ಎನ್ನುತ್ತಾರೆ ಇತಿಹಾಸ ಬಲ್ಲವರು. ಅಜ್ಜಿಯಂದಿರು ಕಥೆ ಹೇಳಲಿ, ನನ್ನದೇನೂ ತಕರಾರಿಲ್ಲ. ಅವತ್ತು ನಾವು ಜಗಲಿಯ ಮೇಲೆ ಕೂತು ಕಡಲೆಪುರಿ ತಿಂದು ಹಿಂದಿರುಗಿದೆವು. ಆ ರಾತ್ರಿ ನನಗೆ ಟ್ರಂಕಿನ ನೆನಪಾಗಲಿಲ್ಲ.

ಆಮೇಲೆ ಭಾನುವಾರಗಳು ಒಂದರ ಹಿಂದೊಂದು. ದುಡ್ಡಿದ್ದ ದಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ತಟ್ಟೆಯಷ್ಟೇ ಅಗಲ, ಮೇಲೊಂದು ಉಂಡೆ ಬೆಣ್ಣೆ. ಇಲ್ಲದ ದಿನ ಅದೇ ದಾರಿಯಲ್ಲಿ ಮುಂದೆ ನಡೆದು ಸಿದ್ಧಗಂಗೆಯ ದಾಸೋಹ. ಅಲ್ಲಿ ಯಾರು ನೀನು, ಯಾವ ಊರು ಎಂದು ಕೇಳದೆ ಬಡಿಸುತ್ತಿದ್ದರು.

ಗುಬ್ಬಿಗೆ ಹೋದದ್ದು ರೈಲಿನಲ್ಲಿ. ಆಗ ಅರಸೀಕೆರೆ ಕಡೆಯದು ಮೀಟರ್‌ಗೇಜ್ ಹಳಿ. ಪುಟ್ಟ ರೈಲು, ತೂಗಾಡಿಕೊಂಡು ಹೋಗುತ್ತಿತ್ತು. ಗೆಳೆಯನ ಮನೆಯಲ್ಲಿ ಅವನ ಅಜ್ಜಿ ಕೊಬ್ಬರಿ ತುರಿಯುತ್ತ ಕೂತಿದ್ದರು. ಅವರಿಗೆ ನಾಟಕದ ಹುಚ್ಚು. ಇರಬೇಕಾದ್ದೇ. 1884ರಲ್ಲಿ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು ಆ ಊರಿನಲ್ಲೇ ಅಲ್ಲವೇ! ಗುಬ್ಬಿ ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ. ನಾವು ಹೋದಾಗ ಅದಿನ್ನೂ ಹೊಸ ಸಾವು, ಅಜ್ಜಿ ಅವರ ಬಗ್ಗೆ ಮನೆಯವರೆಂಬಂತೆ ಮಾತಾಡುತ್ತಿದ್ದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದದ್ದನ್ನು ತುರಿಮಣೆ ಬಿಟ್ಟು ಎದ್ದು ನಿಂತು ನಟಿಸಿ ತೋರಿಸಿದರು. ಡಾ. ರಾಜ್‌ಕುಮಾರ್, ನರಸಿಂಹರಾಜು ಇವರೆಲ್ಲ ಸಿನಿಮಾಕ್ಕೆ ಮೊದಲು ಆ ಕಂಪನಿಯ ಅನ್ನ ಉಂಡವರು ಎಂದು ನನಗೆ ಗೊತ್ತಾದದ್ದು ಅಲ್ಲೇ.

ನಾನು ಬಾಯಿ ಬಿಟ್ಟಿರಲಿಲ್ಲ. “ಈ ಮಗ ಯಾಕೆ ಮೂಗನಂಗೆ ಕೂತೈತೆ?” ಎಂದರು ಅಜ್ಜಿ. “ಅವನು ಮಾತಾಡಿದ್ರೆ ತೆಲುಗು ಬರ್ತದೆ ಅಜ್ಜಿ,” ಎಂದ ಕುಣಿಗಲ್ಲು. “ಬರ್ಲಿ ಬಿಡು. ಮಾತಾಡೋ ಮಗಾ, ಕೇಳಾನ.” ನಾನು ನಮ್ಮೂರಿನ ಒಂದು ಕಥೆ ಹೇಳಿದೆ, ಅರ್ಧರ್ಧ ಭಾಷೆಯಲ್ಲಿ. ಅಜ್ಜಿ ನಡುವೆ ನಗಲಿಲ್ಲ. ಕೊನೆಯಲ್ಲಿ, “ಒಳ್ಳೆ ಪಾರ್ಟು ಮಾಡೋನ ಹಂಗೆ ಹೇಳ್ತೀಯಲ್ಲೋ” ಎಂದು ನನ್ನ ಅಂಗೈಗೆ ಬೆಲ್ಲ, ಕೊಬ್ಬರಿ ಹಾಕಿದರು. ಮರುವಾರ ಹಾಸ್ಟೆಲಿನಲ್ಲಿ ಯಾರೋ ಅಣಕಿಸಿದಾಗ ನಾನು ಆ ಕಥೆಯನ್ನೇ ಗಟ್ಟಿಯಾಗಿ, ಇನ್ನಷ್ಟು ತೆಲುಗು ಸೇರಿಸಿ ಹೇಳಿದೆ. ಹುಡುಗರು ಇನ್ನೊಂದು ಹೇಳು ಎಂದರು.

ಕುಣಿಗಲ್ಲಿನ ಪ್ರವಾಸಕ್ಕೆ ಮಾತ್ರ ಬಸ್ಸಿನ ದುಡ್ಡು ಕೂಡಿಡಲು ಒಂದು ತಿಂಗಳು ಹಿಡಿಯಿತು. ಹೆಬ್ಬೂರು ದಾಟಿ ಕುಣಿಗಲ್ಲಿಗೆ ಬಂದು ಇಳಿದೆವು. ಟಿಪ್ಪುವಿನ ಕಾಲದಿಂದ ಕುದುರೆ ಸಾಕುವ ಊರು ಅದು. ಬೇಲಿಯಾಚೆ ಹೊಳೆಯುವ ಮೈಯ ಕುದುರೆಗಳು ಮೇಯುತ್ತಿದ್ದವು. ನಾನು ಅವನ್ನು ನೋಡಿದ್ದು ಅಷ್ಟಕ್ಕಷ್ಟೇ. ನನ್ನ ಕಣ್ಣು ಕಿತ್ತುಕೊಂಡದ್ದು ಕೆರೆ. ಮಳೆಗಾಲ ಮುಗಿದು ಕೆರೆ ತುಂಬಿ ನಿಂತಿತ್ತು. ನಮ್ಮ ಕಡೆ ಕೆರೆಯೆಂದರೆ ಬಿರುಕು ಬಿಟ್ಟ ಅಂಗಳ, ಆಡು ಮೇಯಿಸುವ ಜಾಗ. ಆಚೆ ದಡ ಕಾಣಲು ಹಣೆಗೆ ಕೈ ಹಿಡಿಯಬೇಕಾದ ನೀರನ್ನು ನಾನು ನೋಡಿದ್ದು ಅದೇ ಮೊದಲು. “ಎಂಥಾ ಚೆರುವು!” ಎಂದುಬಿಟ್ಟೆ. ತೆಲುಗಿನಲ್ಲಿ ಕೆರೆಗೆ ಚೆರುವು. ಅಂದಿನಿಂದ ಅವರಿಬ್ಬರಿಗೂ ಕುಣಿಗಲ್ ಕೆರೆ ‘ಪಾವಗಡದ ಚೆರುವು’.

ಗೆಳೆಯನ ಹಳ್ಳಿ ಇನ್ನೂ ಮುಂದೆ, ಮಾರ್ಕೋನಹಳ್ಳಿ ಅಣೆಕಟ್ಟೆಯ ನಾಲೆಯ ಕೆಳಗೆ. ಶಿಂಷಾ ಹೊಳೆಗೆ ಕಟ್ಟಿದ ಆ ಕಟ್ಟೆಯಲ್ಲೊಂದು ಸೋಜಿಗವಿದೆ. ನೀರು ಒಂದು ಮಟ್ಟ ಮೀರಿದರೆ ಯಾರೂ ಬಾಗಿಲು ಎತ್ತಬೇಕಿಲ್ಲ, ಸೈಫನ್ ತಾನಾಗಿ ನೀರನ್ನು ಹೊರಗೆಳೆಯುತ್ತದೆ. ಡ್ರಮ್ಮಿಗೆ ರಬ್ಬರ್ ಕೊಳವೆ ಇಳಿಬಿಟ್ಟು ಒಮ್ಮೆ ಬಾಯಲ್ಲಿ ಎಳೆದುಬಿಟ್ಟರೆ ನೀರು ಅಂಚು ಹತ್ತಿ ಇಳಿದು ಹರಿಯುತ್ತಲೇ ಇರುತ್ತದಲ್ಲ, ಅದೇ ಉಪಾಯ. ಅಮ್ಮ ಮುದ್ದೆ, ಉಪ್ಪಸಾರು ಬಡಿಸಿದರು. ಅಪ್ಪ ಹಜಾರದ ಚಾಪೆಯ ಮೇಲೆ ಮಲಗಿದ್ದರು. ತೆಂಗಿನ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. “ಗದ್ದೆ ನೋಡೋರಿಲ್ಲ ಮಗಾ,” ಎಂದರು ನನಗೆ. ನನಗೆ ಏಕೆ ಹೇಳಿದರೋ. ಕುಣಿಗಲ್ಲು ತಟ್ಟೆಯಿಂದ ತಲೆ ಎತ್ತಲಿಲ್ಲ.

ಎರಡನೇ ಪಿಯುಸಿಯ ಅರ್ಧದಲ್ಲಿ ಅವನು ಓದು ಬಿಟ್ಟ. ಲೆಕ್ಕದಲ್ಲಿ ನಮ್ಮ ಮೂವರಲ್ಲಿ ಅವನೇ ಮುಂದು. ಹೊರಡುವ ಮೊದಲ ಭಾನುವಾರ, “ದೇವರಾಯನದುರ್ಗ ಒಂದು ಬಾಕಿ ಐತೆ” ಎಂದ. ಮೂರು ಸೈಕಲ್ಲು ಬಾಡಿಗೆಗೆ ತಂದೆವು. 15 ಕಿಲೋಮೀಟರ್. ಕಾಡಿನ ನಡುವಿನ ನಾಮದ ಚಿಲುಮೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದೆವು. ಹಣೆಗೆ ನಾಮ ಇಡಲು ನೀರಿಲ್ಲದೆ ರಾಮ ಬಂಡೆಗೆ ಬಾಣ ಹೊಡೆದಾಗ ಚಿಮ್ಮಿದ ನೀರಂತೆ ಅದು. ಆಮೇಲೆ ಬೆಟ್ಟದ ತಿರುವುಗಳಲ್ಲಿ ಸೈಕಲ್ಲೇ ನಮ್ಮ ಮೇಲೆ ಸವಾರಿ ಮಾಡಿತು ಎನ್ನಬೇಕು, ಅಷ್ಟು ನೂಕಿದೆವು. ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ಮೇಲಿನ ಬಂಡೆ ಸುಮಾರು 3,900 ಅಡಿ ಎತ್ತರ.

ಯಾರೂ ಮಾತಾಡಲಿಲ್ಲ. ಗುಬ್ಬಿಯೇ ಶುರು ಮಾಡಿದ. ಶಿಂಷಾ ಹುಟ್ಟುವುದು ಈ ಬೆಟ್ಟದಲ್ಲೇ ಎಂದು ಮೇಷ್ಟ್ರು ಹೇಳಿದ್ದು ಅವನಿಗೆ ನೆನಪಿತ್ತು. “ಇಲ್ಲಿಂದ ಹೊರಟು ನಮ್ಮ ಗುಬ್ಬಿ ತಾಲ್ಲೂಕಿನ ಕಡಬ ಕೆರೆಗೆ ಬರ್ತದೆ. ಆಮೇಲೆ ನಿನ್ನ ಮಾರ್ಕೋನಹಳ್ಳಿಗೆ. ನಾನು ಮೊದಲು ಕುಡಿದು ಬಿಟ್ಟಿದ್ದು ನಿಂಗೆ!” ಕುಣಿಗಲ್ಲು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಇವನಿಗೇನೂ ಇಲ್ವಾ?” ಎಂದ.

ಇತ್ತು. ಅದೇ ಬೆಟ್ಟದಲ್ಲಿ ಹುಟ್ಟುವ ಇನ್ನೊಂದು ಹೊಳೆ ಜಯಮಂಗಲಿ. ಅದು ತೆಂಕಣಕ್ಕೆ ಬೆನ್ನು ಮಾಡಿ ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹಾದು ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಪಿನಾಕಿನಿ ನಮ್ಮ ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಪಕ್ಕ ಬರುತ್ತದೆ. ಬಹಳ ವರ್ಷ ಬರೀ ಮರಳಾಗಿ ಬರುತ್ತದೆ, ಅದು ಬೇರೆ ಮಾತು. ನಾನು ಬಡಗಣಕ್ಕೆ ಕೈ ತೋರಿಸಿ ಇದನ್ನೆಲ್ಲ ಹೇಳಿದೆ. ಕುಣಿಗಲ್ಲು ಆ ಕಡೆಯೇ ಬಹಳ ಹೊತ್ತು ನೋಡಿದ. “ನೀರು ಬಂದ್ರೆ ಕಾಗದ ಬರಿ” ಎಂದ. ಇಳಿಜಾರಿನಲ್ಲಿ ಮೂವರೂ ಬ್ರೇಕು ಬಿಟ್ಟು ಕೂಗಾಡುತ್ತ ಇಳಿದೆವು. ಬಾಡಿಗೆ ಹೊತ್ತು ಮೀರಿತ್ತು. ಹೆಚ್ಚಿನ ದುಡ್ಡನ್ನು ಅವನೇ ಕೊಟ್ಟ.

ನಾನು ಓದು ಮುಗಿಸಿ ಮೇಷ್ಟ್ರಾದೆ. ಗುಬ್ಬಿ ಕೆಲಸ ಹಿಡಿದು ಊರೂರು ಸುತ್ತಿ, ನಿವೃತ್ತನಾಗಿ ಮತ್ತೆ ತನ್ನೂರಿಗೆ ಬಂದ. ಕುಣಿಗಲ್ಲು ಗದ್ದೆ ಉತ್ತ, ಇಬ್ಬರು ತಂಗಿಯರ ಮದುವೆ ಮಾಡಿದ, ಮಗಳನ್ನು ಲೆಕ್ಕದ ಎಂ.ಎಸ್ಸಿ.ವರೆಗೆ ಓದಿಸಿದ. ಮಳೆಗಾಲ ಬಂತೆಂದರೆ ಅವನ ಕಾರ್ಡು ಬರುತ್ತಿತ್ತು. ಒಂದೇ ಸಾಲು, ಸೈಫನ್ ಹರಿಯಿತು ಅಥವಾ ಹರಿಯಲಿಲ್ಲ. ನಾನು ಬರೆಯುತ್ತಿದ್ದ ಉತ್ತರ ಹೆಚ್ಚಾಗಿ ‘ಮರಳು’.

2022ರಲ್ಲಿ ತುಮಕೂರು ಸೀಮೆಗೆಲ್ಲ ಭಾರಿ ಮಳೆ. ಒಂದು ಬೆಳಗ್ಗೆ ನಾನೇ ಫೋನ್ ಮಾಡಿದೆ. ಅವನು “ಹಲೋ” ಎನ್ನುವ ಮೊದಲೇ ಫೋನನ್ನು ಹೊಳೆಯ ಕಡೆ ಹಿಡಿದೆ. ಆ ಸದ್ದನ್ನು ಅವನು ಕೇಳಿದ. ಆಮೇಲೆ, “ತಡಿ ಪಾವಗಡ, ಗುಬ್ಬಿಗೂ ಲೈನು ಸೇರಿಸ್ತೀನಿ” ಎಂದ.