ಗೆರೆಯಾಚೆ ಕೂತ ಮೂರು ವಾರ



ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿ 12 ಜನ. ಅಂಗಳಕ್ಕೆ ಇಳಿಯುವವರು 7, ಹೊರಗೆ ಕೂರುವವರು 5. ಆ ಐದು ಜನರನ್ನು ನಾವು 'ಎಕ್ಸ್‌ಟ್ರಾ' ಅಂತಿದ್ವಿ. ನಮ್ಮ ಚಪ್ಪಲಿ, ಅಂಗಿ ಕಾಯೋದು, ನೀರು ತರೋದು ಅವರ ಕೆಲಸ ಅಂದ್ಕೊಂಡಿದ್ವಿ. ನಾನು ತಂಡದ ಮುಖ್ಯ ರೈಡರ್. ಹಾಗಂತ ಜಂಬವೂ ಇತ್ತು.

ಹೋಬಳಿ ಪಂದ್ಯಕ್ಕೆ ಎಂಟು ದಿನ ಇರುವಾಗ ಮಳೆಗೆ ಅಂಗಳ ಜಾರುತ್ತಿತ್ತು. ಹಾರಿ ಕಾಲಿಟ್ಟಾಗ ಬಲಗಾಲಿನ ಗಂಟು ಹೊರಳಿತು. ಪಿ.ಟಿ. ಮೇಷ್ಟ್ರು, "ಯಾಕೋ ಕುಂಟ್ತಿದೀಯಾ?" ಅಂದರು. "ಏನಿಲ್ಲ ಸಾರ್, ಮುಳ್ಳು ಚುಚ್ತು" ಅಂದೆ. ನಿಜ ಹೇಳಿದರೆ ಒಂಬತ್ತನೇ ಕ್ಲಾಸಿನ ಹುಡುಗ ನನ್ನ ಜಾಗಕ್ಕೆ ಬರ್ತಾನೆ ಅನ್ನೋ ಹೆದರಿಕೆ. ಅಜ್ಜಿಗೆ ಮಾತ್ರ ಗೊತ್ತಾಯ್ತು. "ಕುಂಟ್ಕೊಂಡು ಆಡಿ ಯಾರನ್ನ ಗೆಲ್ತೀಯೋ ಮಗಾ?" ಅಂದಳು. ನಾನು ಕೇಳಲಿಲ್ಲ.

ಪಂದ್ಯದ ದಿನ ಎರಡನೇ ರೈಡಿಗೇ ಕಾಲು ಕೈಕೊಟ್ಟಿತು. ಇಬ್ಬರು ಎತ್ತಿಕೊಂಡು ಹೊರಗೆ ಕೂರಿಸಿದರು. ನನ್ನ ಜಾಗಕ್ಕೆ ಆ ಹುಡುಗನೇ ಹೋದ. ನಾವು ಗೆದ್ದೆವು. ಎಲ್ಲರೂ ಕುಣಿಯುತ್ತಿದ್ದರು. ನನಗೆ ಮಾತ್ರ ಸಂತೋಷ ಆಗಲಿಲ್ಲ. ಇದನ್ನು ಬರೆಯೋಕೆ ನಾಚಿಕೆ, ಆದರೂ ನಿಜ.

ಕಡೂರಿನಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಮುರಿದಿಲ್ಲ, ಲಿಗಮೆಂಟ್ ಎಳೆದಿದೆ. ಮೂರು ವಾರ ಆಟ ಬೇಡ" ಅಂದರು. ಮೊದಲು ಐಸ್ ಇಡೋದು, ಪಟ್ಟಿ ಕಟ್ಟೋದು, ದಿಂಬಿನ ಮೇಲೆ ಕಾಲಿಟ್ಟು ಮಲಗೋದು. ನೋವು ಇಳಿದ ಮೇಲೆ ಹಲ್ಲುಜ್ಜುವಾಗ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲೋದು. ನನ್ನ ತಂಗಿ, "ಕೊಕ್ಕರೆ ಬಂತು" ಅಂತ ನಗ್ತಿದ್ಲು.

ಸಪ್ಪಗಿದ್ದ ನನಗೆ ಮೇಷ್ಟ್ರು ಪವನ್ ಸೆಹ್ರಾವತ್ ಕಥೆ ಹೇಳಿದರು. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್‌ನಲ್ಲಿ 22 ರೈಡ್ ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟವರು. 2022ರಲ್ಲಿ ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಅಕ್ಟೋಬರ್‌ನಲ್ಲಿ, ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ, ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಯಿತು. ಇಡೀ ಸೀಸನ್ ಹೋಯಿತು. ತಂಡ ಮುಗೀತು ಅಂದುಕೊಂಡವರೇ ಜಾಸ್ತಿ. ಆದರೆ ನರೇಂದರ್ ಎಂಬ ಹೊಸ ಹುಡುಗ ಅದೇ ಸೀಸನ್‌ನಲ್ಲಿ 243 ರೈಡ್ ಪಾಯಿಂಟ್ ತಂದ. ತಲೈವಾಸ್ ಮೊದಲ ಸಲ ಸೆಮಿಫೈನಲ್ ಮುಟ್ಟಿತು. ಪವನ್ ವಾಸಿಮಾಡಿಕೊಂಡು ಬಂದು 2023ರ ಏಷ್ಯನ್ ಗೇಮ್ಸ್‌ನಲ್ಲಿ ನಾಯಕರಾಗಿ ಭಾರತಕ್ಕೆ ಚಿನ್ನ ತಂದರು.

"ನರೇಂದರ್ ಅವತ್ತೇ ಆಟ ಕಲ್ತನೇನೋ? ಮೊದಲೇ ರೆಡಿಯಾಗಿದ್ದ. ನೀನು ನಿನ್ನ ಎಕ್ಸ್‌ಟ್ರಾನ ಯಾವತ್ತಾದ್ರೂ ಆಡಿಸಿದ್ಯಾ?" ಅಂದರು ಮೇಷ್ಟ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಮಾರನೇ ದಿನದಿಂದ ಗೆರೆಯ ಪಕ್ಕ ಕೂತು ಆ ಹುಡುಗನಿಗೆ ನನಗೆ ಗೊತ್ತಿದ್ದದ್ದನ್ನು ಹೇಳಿಕೊಟ್ಟೆ. ಬೋನಸ್ ಗೆರೆ ದಾಟೋದರಲ್ಲಿ ಅವನು ನನಗಿಂತ ಚುರುಕು ಅಂತ ಆಗಲೇ ಕಂಡಿದ್ದು.

ತಾಲ್ಲೂಕು ಪಂದ್ಯ ಹದಿನೆಂಟನೇ ದಿನಕ್ಕೆ ಬಂತು. "ಪಟ್ಟಿ ಕಟ್ಕೊಂಡು ಆಡ್ತೀನಿ ಸಾರ್" ಅಂದೆ. "ನಿನ್ನ ಕಾಲು ಹತ್ತನೇ ಕ್ಲಾಸಿಗೇ ಮುಗೀಬೇಕಾ?" ಅಂದರು. ಹೊರಗೇ ಕೂತೆ. ಸೆಮಿಫೈನಲ್‌ನಲ್ಲಿ ನಾಲ್ಕು ಪಾಯಿಂಟಿಂದ ಸೋತೆವು. ಆ ಹುಡುಗ ಚೆನ್ನಾಗೇ ಆಡಿದ, ಆದರೆ ಕೊನೆಗೆ ದಮ್ಮು ಸಾಲಲಿಲ್ಲ. ಅವನು ನನ್ನ ಜಾಗಕ್ಕೆ ಬಂದಿದ್ದ, ಅವನ ಜಾಗಕ್ಕೆ ಯಾರೂ ತಯಾರಿರಲಿಲ್ಲ. ನಾನು ಮೊದಲ ದಿನವೇ ನಿಜ ಹೇಳಿದ್ದರೆ ಎಂಟು ದಿನ ಹೆಚ್ಚಿಗೆ ಸಿಗ್ತಿತ್ತು.

ಈಗ ಶನಿವಾರದ ಪ್ರಾಕ್ಟೀಸಿನಲ್ಲಿ 12 ಜನರನ್ನೂ ಬೆರೆಸಿ ಆರಾರು ಮಾಡಿ ಆಡ್ತೀವಿ. ನೀರು ತರೋದಕ್ಕೂ ಸರದಿ ಇದೆ. ಈ ವಾರ ನಂದು.

ತಮ್ಮಂದಿರೇ, ತಂಗಿಯರೇ, ಕಾಲು ಉಳುಕಿದರೆ ಅವತ್ತೇ ಹೇಳಿ. ಮುಳ್ಳು ಚುಚ್ಚಿತು ಅನ್ನಬೇಡಿ.

– ಹತ್ತನೇ ತರಗತಿಯ ಒಬ್ಬ ರೈಡರ್